ಎರಡೂಕಾಲು ಇಂಚು

ಬಸ್ಸು ದಾಸರಹಳ್ಳಿ ದಾಟುವ ಹೊತ್ತಿಗೆ ಗೋಪಾಲಪ್ಪ ಪ್ಯಾಂಟಿನ ಜೇಬನ್ನು ಮೂರನೆಯ ಸಲ ಮುಟ್ಟಿ ನೋಡಿಕೊಂಡ. ಅರ ಇತ್ತು. ಅಲ್ಯೂಮಿನಿಯಂ ಉಜ್ಜುವ ಆರಿಂಚಿನ ಸಣ್ಣ ಅರ; ಹಿಡಿ ಕಿತ್ತು, ಹಳೆಯ ಬನಿಯನ್ನಿನ ಚೂರಿನಲ್ಲಿ ಸುತ್ತಿ ಇಟ್ಟುಕೊಂಡಿದ್ದ. ಐದು ನಿಮಿಷ ಸಿಕ್ಕರೆ ಸಾಕು. ಬೋಲ್ಟು ಬಿಚ್ಚುವುದಕ್ಕೆ ಒಂದು, ಆ ಕಡೆಯ ಸೀಳಿಗೆ ಒಂದೂವರೆ, ಈ ಕಡೆಯ ಸೀಳಿಗೆ ಒಂದೂವರೆ, ಮತ್ತೆ ಬೋಲ್ಟು ಬಿಗಿಯುವುದಕ್ಕೆ ಒಂದು. ಹತ್ತಿರ ಯಾರೂ ಇರಬಾರದು, ಅಷ್ಟೆ. ಭಾನುವಾರದ ಬೆಳಗ್ಗೆ, ಬಸ್ಸಿನಲ್ಲಿ ಜನ ಕಡಿಮೆ. ಆದರೂ ಅವನು ಕೂರದೆ ನಿಂತೇ ಇದ್ದ. ಕೂತರೆ ಅರದ ತುದಿ ತೊಡೆಗೆ ಚುಚ್ಚುತ್ತಿತ್ತು. ಕಂಡಕ್ಟರು "ಸೀಟೈತಲ್ಲಣ್ಣ, ಕೂತ್ಕೊ" ಎಂದದ್ದಕ್ಕೆ "ಇರ್ಲಿ, ಇಲ್ಲೇ ಇಳೀಬೇಕು" ಎಂದುಬಿಟ್ಟ. ಟಿಕೆಟ್ಟು ಕೊಟ್ಟವನೇ ಆ ಕಂಡಕ್ಟರು; ಇಳಿಯುವುದು ಜಾಲಹಳ್ಳಿ ಕ್ರಾಸಿನಲ್ಲಿ, ಅದಿನ್ನೂ ಎರಡು ಸ್ಟಾಪಿದೆ ಎಂದು ಅವನಿಗೆ ಗೊತ್ತಿಲ್ಲವೇ? ಗೋಪಾಲಪ್ಪನ ಮುಖ ಬಿಸಿಯಾಯಿತು. ಇಷ್ಟು ಸಣ್ಣ ಸುಳ್ಳಿಗೇ ಬಿಸಿಯಾಗುವ ಈ ಮುಖವನ್ನು ಇಟ್ಟುಕೊಂಡು ಇವತ್ತಿನ ದಿನ ಹೇಗೆ ಕಳೆಯಬೇಕೋ ಎಂದು ಕಿಟಕಿಯ ಹೊರಗೆ ನೋಡಿದ. ಪೀಣ್ಯದ ಕಡೆಯ ಶೆಡ್ಡುಗಳ ತಗಡು ಬಿಸಿಲಿಗೆ ಹೊಳೆಯುತ್ತಿತ್ತು.

ವಿಷಯ ಇಷ್ಟೇ. ಅವನ ಕಾರ್ಖಾನೆಯ ಟೂಲ್ ರೂಮಿನ ಅಸಿಸ್ಟೆಂಟ್ ಮ್ಯಾನೇಜರು ವೆಂಕಟೇಶಪ್ಪನವರು ಆರು ತಿಂಗಳಿಂದ ಕ್ವಾರ್ಟರ್ಸಿನ ವರಾಂಡದಲ್ಲಿ ಕೂತು ಒಂದು ಮಾದರಿ ವಿಮಾನ ಕಟ್ಟಿದ್ದರು. ನಾಲ್ಕಡಿ ರೆಕ್ಕೆ, ನಿಜವಾದ ಪುಟ್ಟ ಎಂಜಿನ್ನು. ಇವತ್ತು ಕಾರ್ಖಾನೆಯ ವಾರ್ಷಿಕೋತ್ಸವ. ಟೌನ್‌ಶಿಪ್ಪಿನ ಮೈದಾನದಲ್ಲಿ ಜನರಲ್ ಮ್ಯಾನೇಜರ ಎದುರು ಅದು ತಂತಿಯ ತುದಿಯಲ್ಲಿ ಸುತ್ತು ಹೊಡೆಯುತ್ತ ಹಾರಬೇಕು. ಅದರ ಪ್ರೊಪೆಲ್ಲರನ್ನು ತೇಗದಲ್ಲಿ ಕೆತ್ತಿದವನು ಎರಕಕ್ಕೆ ಮರದ ಅಚ್ಚು ಮಾಡುವ ಪ್ಯಾಟರ್ನ್ ಶಾಪಿನ ಬಡಗಿ ಕೃಷ್ಣಪ್ಪ. ಆ ಪ್ರೊಪೆಲ್ಲರಿನ ನಡುಭಾಗವನ್ನು ಮುಚ್ಚುವ, ವಿಮಾನಕ್ಕೆ ಮೂತಿ ಕೊಡುವ ಚೂಪು ಟೋಪಿಗೆ ಸ್ಪಿನ್ನರ್ ಎನ್ನುತ್ತಾರೆ. ಅದನ್ನು ಲೇತಿನಲ್ಲಿ ತಿರುವಿದವನು ಟರ್ನರ್ ಗೋಪಾಲಪ್ಪ. ಟೋಪಿಯ ಎರಡು ಪಕ್ಕಕ್ಕೆ ಎರಡು ಸೀಳು. ಒಂದೊಂದರಿಂದ ಒಂದೊಂದು ಅಲಗು ಹೊರಗೆ ಬರುತ್ತದೆ. ಆ ಸೀಳಿನ ಅಂಚು ಅಲಗಿಗೆ ತಾಗುತ್ತಿತ್ತು. ತಾಗುವಂತೆ ಅವನೇ ಮಾಡಿದ್ದ, ಬೇಕೆಂದೇ, ಎದೆಯುಬ್ಬಿಸಿಕೊಂಡು. ತಾಗಬಾರದು ಎಂಬುದು ಅವನಿಗೆ ಗೊತ್ತಾದದ್ದು ನಿನ್ನೆ ಸಂಜೆ.

ಅಳತೆಯಲ್ಲೇ ಎಡವಿದ್ದು. ವಿಮಾನದ ಮೂತಿಯ ಬಳೆ ಎರಡೂಕಾಲು ಇಂಚು, ಸ್ಪಿನ್ನರೂ ಅಷ್ಟೇ ಇರಬೇಕು ಎಂದು ವೆಂಕಟೇಶಪ್ಪನವರು ಮೊದಲ ದಿನವೇ ಹೇಳಿದ್ದರು. ಇಂಗ್ಲಿಷ್ ಪತ್ರಿಕೆಯೊಂದರ ಹಾಳೆ ಹರಿದು ಕೈಗೆ ಕೊಟ್ಟು, "ಡೀಟೇಲ್ಸ್ ಎಲ್ಲಾ ಇದ್ರಲ್ಲಿದೆ ಗೋಪಾಲಪ್ಪ, ಓದ್ಕೊಂಡು ಮಾಡು. ಸೈಜು ಮಾತ್ರ ಕರೆಕ್ಟಾಗಿರ್ಲಿ" ಎಂದಿದ್ದರು. "ಓದ್ಕೋತೀನಿ ಸಾರ್" ಎಂದು ಅವನು ತಲೆಯಾಡಿಸಿದ್ದ. ಚಿತ್ರ ಅರ್ಥವಾಗುತ್ತಿತ್ತು, ಅಂಕಿ ಅರ್ಥವಾಗುತ್ತಿತ್ತು, ಅಂಕಿಗಳ ನಡುವೆ ಇರುವೆಯಂತೆ ಹರಿದಿದ್ದ ಸಾಲುಗಳು ಅರ್ಥವಾಗುತ್ತಿರಲಿಲ್ಲ. ಹದಿನೇಳು ವರ್ಷ ಡ್ರಾಯಿಂಗ್ ನೋಡಿ ಕೆಲಸ ಮಾಡಿದವನು ಇಂಗ್ಲಿಷು ಓದಲಾರೆ ಎಂದು ಯಾವ ಬಾಯಿಂದ ಹೇಳಬೇಕು? ಎರಡೂಕಾಲು ಇಂಚಿನ ಸ್ಪಿನ್ನರಿಗೆ ಎರಡೂವರೆ ಇಂಚಿನ ಸರಳು ಬೇಕು. ಅದು ಇದ್ದದ್ದು ಸ್ಟೋರ್ಸಿನಲ್ಲಿ. ಇದು ಸಾಹೇಬರ ಸ್ವಂತ ಕೆಲಸ, ಚೀಟಿ ಇಲ್ಲ. ಸ್ಟೋರ್‌ಕೀಪರ್ ಲಕ್ಷ್ಮಯ್ಯನನ್ನು ಬಾಯಿಬಿಟ್ಟು ಕೇಳಬೇಕಿತ್ತು. ಕೇಳಿದರೆ ಲಕ್ಷ್ಮಯ್ಯ ಇಲ್ಲವೆನ್ನುವವನಲ್ಲ. ಆದರೆ ಅವನು ಕೊಡುವ ಮೊದಲು ಕನ್ನಡಕ ಮೇಲೆತ್ತಿ, ಪಕ್ಕದ ಗುಮಾಸ್ತರಿಗೆಲ್ಲ ಕೇಳಿಸುವ ಹಾಗೆ, "ಏನು ಗೋಪಾಲಪ್ಪನೋರು, ಯಾರ ಮನೆ ಮದ್ವೆಗೆ?" ಎನ್ನುತ್ತಾನೆ. ಒಂದು ಸಲ ಅನ್ನಿಸಿಕೊಂಡಿದ್ದ. ಮನೆಯ ಪಂಪಿನ ಹಿಡಿಗೆ ಒಂದು ಗೇಣು ಕಬ್ಬಿಣ ಕೇಳಲು ಹೋಗಿ, ಆರು ಜನರ ನಗುವಿನ ಮಧ್ಯೆ ಬರಿಗೈಯಲ್ಲಿ ಬಂದಿದ್ದ. ಈ ಸಲ ಆ ಬಾಗಿಲಿಗೆ ಹೋಗದೆ ಸ್ಕ್ರ್ಯಾಪು ಡಬ್ಬಿಯಲ್ಲಿ ಕೈಯಾಡಿಸಿದ. ಎರಡು ಇಂಚಿಗೆ ಸ್ವಲ್ಪ ಮೇಲಿದ್ದ ತುಂಡು ಸಿಕ್ಕಿತು. "ಎರಡೇ ಸಾಕು ಸಾರ್, ಕಾಲಿಂಚು ಯಾರ ಕಣ್ಣಿಗೆ ಬೀಳ್ತದೆ" ಎಂದ. "ನೀನು ಹೇಳಿದ್ಮೇಲೆ ಮುಗೀತು" ಎಂದರು ವೆಂಕಟೇಶಪ್ಪನವರು. ನಂಬಿದ್ದರು ಮನುಷ್ಯ.

ಟೋಪಿ ಚಿಕ್ಕದಾದಷ್ಟೂ ಅಲಗು ಹೊರಗೆ ಬರುವುದು ಬುಡಕ್ಕೆ ಹತ್ತಿರ. ಬುಡದಲ್ಲಿ ಅಲಗು ದಪ್ಪ. ದಪ್ಪಕ್ಕೆ ತಕ್ಕಂತೆ ಸೀಳು ದೊಡ್ಡದು ಮಾಡಿದರೆ ಟೋಪಿಯ ಗೋಡೆಯೇ ಉಳಿಯುವುದಿಲ್ಲ. ಇದು ಗೊತ್ತಾದದ್ದು ಅರ್ಧ ಕೆಲಸವಾದ ಮೇಲೆ. ಆಗಲೂ ಬಿಡಬಹುದಿತ್ತು, ಸ್ಟೋರ್ಸಿಗೆ ಹೋಗಬಹುದಿತ್ತು. ಅವನು ಸೀಳನ್ನೇ ಬಿಗಿ ಮಾಡಿದ. ಮರಕ್ಕೂ ಲೋಹಕ್ಕೂ ನಡುವೆ ಗಾಳಿ ಹೋಗದಷ್ಟು ಬಿಗಿ. ಸಿಗರೇಟು ಪ್ಯಾಕಿನ ತೆಳು ಕಾಗದವನ್ನು ತೂರಿಸಿ ನೋಡಿದ, ಹೋಗಲಿಲ್ಲ, ಎದೆ ತುಂಬಿ ಬಂತು. ಆ ಕಾಗದದ ಪರೀಕ್ಷೆ ತರಬೇತಿಯ ದಿನಗಳಲ್ಲಿ ನರಸಿಂಹಯ್ಯ ಮೇಸ್ಟ್ರು ಕಲಿಸಿದ್ದು. ಅಪ್ರೆಂಟಿಸ್ ಹುಡುಗರು ನಲವತ್ತು ಜನ ಸಾಲಾಗಿ ನಿಂತಿದ್ದಾರೆ, ಮೇಸ್ಟ್ರು ಒಬ್ಬೊಬ್ಬರು ಮಾಡಿದ ಜಾಬನ್ನೂ ಎತ್ತಿ ಕಾಗದ ತೂರಿಸಿ ನೋಡುತ್ತಿದ್ದಾರೆ. ಗೋಪಾಲಪ್ಪನ ಕಂಚಿನ ಬಳೆ ಶಾಫ್ಟಿನ ಮೇಲೆ ಕೂತಿದೆ, ಕಾಗದ ಒಳಗೆ ಹೋಯಿತು, ಎರಡು ಮಡಿಕೆ ಮಾಡಿದರೂ ಹೋಯಿತು. ಮೇಸ್ಟ್ರು ಬೈಯಲಿಲ್ಲ. ಟ್ವೈನ್ ದಾರ ತರಿಸಿ ಆ ಬಳೆಯನ್ನು ಪೋಣಿಸಿ ಅವನ ಕೊರಳಿಗೆ ಕಟ್ಟಿ, "ಸಾಯಂಕಾಲದ ತನಕ ಹಾಕ್ಕೊಂಡಿರು, ಸಡಿಲ ಅಂದ್ರೆ ಏನು ಅಂತ ಎಲ್ಲಾರೂ ನೋಡ್ಲಿ" ಎಂದರು. ಊಟದ ಕ್ಯೂನಲ್ಲಿ ಅದು ಎದೆಗೆ ಬಡಿಯುತ್ತಿತ್ತು. ಕ್ಯಾಂಟೀನಿನವನೂ ಬೋರ್ಡು ಓದಿದ ಹಾಗೆ ಅದನ್ನು ನೋಡಿದ. ಅವತ್ತಿನಿಂದ ಗೋಪಾಲಪ್ಪನ ಕೈಯಿಂದ ಸಡಿಲ ಎಂಬುದು ಹೊರಬಿದ್ದಿಲ್ಲ. ಟೂಲ್ ರೂಮಿನಲ್ಲಿ ಯಾವುದಾದರೂ ಗಟ್ಟಿಯಾಗಿ ಕೂತರೆ ಅದಕ್ಕೆ ಗೋಪಾಲಪ್ಪನ ಫಿಟ್ಟು ಎಂದೇ ಹೆಸರು.

ಕ್ರಾಸಿನಲ್ಲಿ ಇಳಿದ. ಟೌನ್‌ಶಿಪ್ಪಿನ ರಸ್ತೆ ಭಾನುವಾರವಾದ್ದರಿಂದ ಖಾಲಿಯಿತ್ತು. ಒಂದೇ ಥರದ ಮನೆಗಳು, ಒಂದೇ ಥರದ ಕಾಂಪೌಂಡು, ಒಂದೊಂದರ ಮುಂದೆ ಒಂದೊಂದು ಬಣ್ಣದ ದಾಸವಾಳ. ಈ ರಸ್ತೆಯಲ್ಲಿ ನಡೆಯುವಾಗಲೆಲ್ಲ ಯಾರೋ ಕಿಟಕಿಯಿಂದ ನೋಡಿ ಇವನು ಯಾರ ಮನೆಗೆ ಬಂದ ಎಂದು ಕೇಳುತ್ತಿರುವಂತೆ ಅನ್ನಿಸುತ್ತಿತ್ತು. ನಿನ್ನೆ ಸಂಜೆಯೂ ಇದೇ ರಸ್ತೆಯಲ್ಲಿ ಸೈಕಲ್ ತುಳಿದಿದ್ದ. ಅದಕ್ಕೆ ಮೊದಲು ನಾಗಸಂದ್ರದ ಮನೆಯಲ್ಲಿ, ಎಸ್ಸೆಸ್ಸೆಲ್ಸಿ ಓದುವ ಮಗಳು ಈಶ್ವರಮ್ಮ ಅವನ ಟಿಫಿನ್ ಚೀಲ ತೊಳೆಯಲು ತೆಗೆದು ಅದರೊಳಗಿದ್ದ ಹಾಳೆಯನ್ನು ಹೊಸಲಿನ ಮೇಲೆ ಕೂತು ಗಟ್ಟಿಯಾಗಿ ಓದಿದ್ದಳು. ಓದಿದ್ದು ಅವನಿಗೆ ಕೇಳಿಸಲಿ ಎಂದೇ. ಇಂಗ್ಲಿಷಿನಲ್ಲಿ ಅವಳಿಗೆ ಎಪ್ಪತ್ತು ಬಂದಿತ್ತು. "ಸ್ಪಿನ್ನರು ಮೂತಿ ಅಳತೆಗೇ ಇರ್ಬೇಕಂತೆ ಅಪ್ಪ. ಅಲಗಿಗೆ ಎಲ್ಲೂ ತಾಗ್ಬಾರ್ದಂತೆ. ಬೆಂಕಿಕಡ್ಡಿ ದಪ್ಪ ಜಾಗ ಬಿಡ್ಬೇಕಂತೆ. ತಾಗಿದ್ರೆ ತಿರುಗೋವಾಗ ಅಂಚು ಕಚ್ಚಿ ಕಚ್ಚಿ ಅಲಗು ಮುರಿದು ಹಾರುತ್ತಂತೆ, ಯಾರ ಕಣ್ಣಿಗಾದ್ರೂ ಬಿದ್ರೆ ಅಷ್ಟೇ ಗತಿ ಅಂತ ಬರೆದವ್ರೆ." ಅವನು ಕಾಫಿ ಲೋಟ ಕೆಳಗಿಟ್ಟ. "ಇನ್ನೊಂದ್ ಸಲ ಓದು" ಎಂದ. ಅವಳು ಇನ್ನೊಂದು ಸಲ ಓದಿದಳು. ಅರ್ಥ ಬದಲಾಗಲಿಲ್ಲ.

ಆಗಲೇ ಶರ್ಟು ಹಾಕಿಕೊಂಡು ಹೊರಟವನು ಅವನು. ಅಷ್ಟು ಮಟ್ಟಿಗೆ ತನ್ನನ್ನು ತಾನು ಮೆಚ್ಚಿಕೊಳ್ಳಲು ಅವಕಾಶವಿತ್ತು. ಮಧ್ಯಾಹ್ನವೇ ಸ್ಪಿನ್ನರು ಕೊಟ್ಟು ಬಂದಾಗಿತ್ತು, ಸಾಹೇಬರು ಅದನ್ನು ಬಿಗಿದೂ ಆಗಿರಬಹುದು. ಹೋಗಿ ಹೇಳಿದರೆ ಮುಗಿಯಿತು. ವೆಂಕಟೇಶಪ್ಪನವರ ಗೇಟಿನ ಮುಂದೆ ಸೈಕಲ್ ನಿಲ್ಲಿಸಿದಾಗ ಒಳಗೆ ಜನರ ಮಾತು ಕೇಳುತ್ತಿತ್ತು. ಸಾಹೇಬರ ಹೆಂಡತಿ ಬಾಗಿಲಿಗೆ ಬಂದು, ಅವನ ಕಾಲು ನೋಡಿ, ಆಮೇಲೆ ಮುಖ ನೋಡಿ, "ನೆಂಟರು ಬಂದಿದ್ದಾರೆ. ಏನಾದ್ರೂ ತಂದಿದ್ರೆ ಹಿಂದುಗಡೆ ಬಾಗಿಲಲ್ಲಿ ಕೊಡಪ್ಪ" ಎಂದರು. ಕೆಟ್ಟ ದನಿಯೇನಲ್ಲ. ಅವನ ಕೈಯಲ್ಲಿ ಏನೂ ಇರಲಿಲ್ಲ. "ಏನಿಲ್ಲಮ್ಮ, ಸುಮ್ನೆ ಬಂದಿದ್ದೆ" ಎಂದ. ಸುಮ್ಮನೆ ಐದು ಮೈಲಿ ಸೈಕಲ್ ತುಳಿದು ಬಂದವನನ್ನು ಅವರು ಒಂದು ಕ್ಷಣ ನೋಡಿ ಒಳಗೆ ಹೋದರು. ಹಿಂದುಗಡೆ ಬಾಗಿಲು ಎಂಬ ಮಾತು ಮನೆ ಮುಟ್ಟುವ ತನಕ ಕಿವಿಯಲ್ಲಿತ್ತು. ಅದಿಲ್ಲದಿದ್ದರೆ ಹೇಳುತ್ತಿದ್ದೆ ಎಂದು ರಾತ್ರಿಯೆಲ್ಲ ಅಂದುಕೊಂಡ. ಬೆಳಗಿನ ಜಾವಕ್ಕೆ ಅದು ಸುಳ್ಳು ಎಂದು ಒಪ್ಪಿಕೊಂಡ. ಬಾಗಿಲಿನ ಆ ಮಾತು ಸಿಕ್ಕಿದ್ದಕ್ಕೆ ಅವನಿಗೆ ಸಮಾಧಾನವೇ ಆಗಿತ್ತು. ಕಾರಣ ಬೇಕಿತ್ತು, ಆ ಹೆಂಗಸು ಕೊಟ್ಟರು.

ಮೈದಾನದಲ್ಲಿ ಶಾಮಿಯಾನ ಎದ್ದಿತ್ತು. ಮೈಕಿನವನು ಹಲೋ ಹಲೋ ಎನ್ನುತ್ತಿದ್ದ. ಗೋಣಿಚೀಲದ ಓಟ ಮುಗಿದ ಮೇಲೆ ಹತ್ತು ಗಂಟೆಗೆ ವಿಮಾನ, ಆಮೇಲೆ ನಿಂಬೆಹಣ್ಣು ಚಮಚದ ಓಟ. ಒಂದು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಅದನ್ನು ಇಟ್ಟಿದ್ದರು, ಹಳದಿ ಮೈ, ಕೆಂಪು ರೆಕ್ಕೆ. ಮುಂದೆ ತನ್ನ ಸ್ಪಿನ್ನರು ಹೊಳೆಯುತ್ತಿರುವುದನ್ನು ದೂರದಿಂದಲೇ ಕಂಡ ಗೋಪಾಲಪ್ಪನಿಗೆ ಇಷ್ಟೆಲ್ಲದರ ನಡುವೆಯೂ ಒಂದು ಕ್ಷಣ ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯಾಯಿತು. ಹತ್ತಿರ ಹೋದರೆ ಮೂತಿಯ ಬಳೆಗೂ ಟೋಪಿಗೂ ನಡುವೆ ಸುತ್ತಲೂ ಮೆಟ್ಟಿಲು ಎದ್ದು ಕಾಣುತ್ತಿತ್ತು. ಯಾರ ಕಣ್ಣಿಗೆ ಬೀಳುತ್ತದೆ ಎಂದಿದ್ದನಲ್ಲ, ಅವನ ಕಣ್ಣಿಗೆ ಬೇರೆ ಏನೂ ಬೀಳಲಿಲ್ಲ. ವೆಂಕಟೇಶಪ್ಪನವರು ಟೈ ಕಟ್ಟಿಕೊಂಡು, ಕೈಯಲ್ಲಿ ಎಣ್ಣೆ ಸೀಸೆ ಹಿಡಿದು ಓಡಾಡುತ್ತಿದ್ದವರು ಅವನನ್ನು ನೋಡಿ ನೇರ ಬಂದರು. ಈಗ ಹೇಳಬೇಕು ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಅವರು ಭುಜ ಹಿಡಿದು ಪಕ್ಕಕ್ಕೆ ಕರೆದೊಯ್ದರು.

"ನೋಡು ಗೋಪಾಲಪ್ಪ, ಒಂದ್ ಮಾತು. ಜಿ.ಎಂ. ಸಾಹೇಬ್ರು ಸ್ಪಿನ್ನರ್ ಎಲ್ಲಿಂದು ಅಂತ ಕೇಳಿದ್ರು. ಬಾಂಬೆಯಿಂದ ತರಿಸ್ದೆ ಅಂದ್ಬಿಟ್ಟೆ. ಕಂಪನಿ ಮೆಷೀನು, ಕಂಪನಿ ಮೆಟೀರಿಯಲ್ಲು, ಈಗ ಅದೆಲ್ಲ ಯಾಕೆ ಅಂತ. ಅವ್ರ ಮುಂದೆ ನೀನೇನೂ ಬಾಯ್ಬಿಡ್ಬೇಡ. ತಪ್ಪು ತಿಳ್ಕೋಬೇಡ ಮತ್ತೆ."

"ಇಲ್ಲ ಸಾರ್."

"ಚಾರ್ಜ್‌ಹ್ಯಾಂಡ್ ಪ್ರಮೋಷನ್ ಲಿಸ್ಟು ಬರೋ ತಿಂಗಳು ಹೋಗುತ್ತೆ. ನಿನ್ನ ಹೆಸರು ನಾನೇ ಬರ್ದಿದೀನಿ."

"ಸಾರ್, ಆ ಸೈಜು..."

"ಸೈಜು ಬೊಂಬಾಟಾಗಿದೆ. ಬಾಂಬೆದು ಅಂದ್ರೆ ಅವ್ರೂ ನಂಬಿದ್ರು ಅಂದ್ಮೇಲೆ ನೋಡು." ಭುಜ ತಟ್ಟಿ, ಯಾರೋ ಕರೆದರೆಂದು ಶಾಮಿಯಾನದತ್ತ ಓಡಿದರು.

ಕೆಲಸ ಅವನದು, ಹೆಸರು ಬಾಂಬೆಯದು. ಸಿಟ್ಟು ಬರಬೇಕಿತ್ತು. ಬಂದದ್ದು ಒಂದು ಕೆಟ್ಟ ಹಗುರ: ಮುರಿದರೆ ಬಾಂಬೆಯ ಸ್ಪಿನ್ನರು ಮುರಿಸಿದ್ದು. ಈ ಯೋಚನೆ ತನ್ನ ತಲೆಯಲ್ಲೇ ಹುಟ್ಟಿತೆ ಎಂದು ಗೋಪಾಲಪ್ಪ ಅತ್ತಿತ್ತ ನೋಡಿದ. ಅರ ಜೇಬಿನಲ್ಲಿತ್ತು. ಮೇಜಿನ ಹತ್ತಿರ ಈಗ ಯಾರೂ ಇರಲಿಲ್ಲ, ಎಲ್ಲರೂ ಗೋಣಿಚೀಲದ ಓಟ ನೋಡುತ್ತಿದ್ದರು. ಅವನು ಮೇಜಿನ ಹಿಂದೆ ಹೋಗಿ ನಿಂತ. ಟೋಪಿ ಬಿಗಿದ ಬೋಲ್ಟಿನ ಮೇಲೆ ಬೆರಳಿಟ್ಟ. ಮರದ ಮೇಲೆ ಲೋಹದ ಅಂಚು ಕೂತಿದ್ದ ಕಡೆ ಉಗುರಿನಿಂದ ಕೆರೆದು ನೋಡಿದ. ಆಗಲೇ ಕೂದಲೆಳೆಯಷ್ಟು ಗೆರೆ ಬಿದ್ದಿತ್ತೋ, ಪಾಲಿಶ್ಶಿನ ನೆರಳೋ ತಿಳಿಯಲಿಲ್ಲ. ಬೋಲ್ಟು ಅರ್ಧ ಸುತ್ತು ತಿರುಗಿತು. ಅಷ್ಟರಲ್ಲಿ ರೇಷ್ಮೆ ಸೀರೆ ಸರಸರ ಎಂದಿತು. ಜನರಲ್ ಮ್ಯಾನೇಜರ ಹೆಂಡತಿ, ಜೊತೆಗೆ ಇನ್ನಿಬ್ಬರು ಹೆಂಗಸರು ವಿಮಾನ ನೋಡಲು ಬಂದಿದ್ದರು. ಅವರಲ್ಲೊಬ್ಬರು ಇವನನ್ನು ನೋಡಿ, "ಅಯ್ಯೋ, ಅದನ್ನ ಮುಟ್ಬೇಡಪ್ಪ, ಬಾಂಬೆದಂತೆ" ಎಂದರು. ಗೋಪಾಲಪ್ಪ ಬಿಸಿ ಮುಟ್ಟಿದವನ ಹಾಗೆ ಕೈ ಹಿಂದಕ್ಕೆಳೆದುಕೊಂಡ. ಬೋಲ್ಟು ಅರ್ಧ ಸುತ್ತು ಸಡಿಲವಾಗಿದೆ, ಅದನ್ನಾದರೂ ಬಿಗಿಯಬೇಕು, ಬಿಗಿಯದಿದ್ದರೆ ಇನ್ನೂ ಕೆಡುತ್ತದೆ ಎಂಬ ಹೊಸ ಹೆದರಿಕೆ ಹಳೆಯದರ ಮೇಲೆ ಬಂದು ಕೂತಿತು. ಹೆಂಗಸರು ಹೋಗುವವರೆಗೆ ಕಾದು, ಮತ್ತೆ ಹತ್ತಿರ ಹೋಗಿ, ಬೆರಳಿನಲ್ಲೇ ಬಿಗಿದ. ಅಷ್ಟಕ್ಕೇ ಬೆವರಿದ. ಅರ ತೆಗೆಯುವ ಧೈರ್ಯ ಉಳಿದಿರಲಿಲ್ಲ.

"ಏನೋ, ಮೂತಿ ಸವರ್ತಾ ಇದ್ದೀಯಾ?" ಎಂದು ಹಿಂದಿನಿಂದ ಕೃಷ್ಣಪ್ಪನ ದನಿ ಬಂತು. ಇಬ್ಬರೂ ಒಂದೇ ದಿನ ಕಾರ್ಖಾನೆಗೆ ಸೇರಿದವರು, ಕಾರ್ಖಾನೆಗೆ ಹೋದ ಇಬ್ಬರ ಮನೆಯ ರಾಗಿ ಹೊಲವೂ ಇದೇ ಕಾಂಪೌಂಡಿನೊಳಗೆ ಎಲ್ಲೋ ಇದೆ. ಕೃಷ್ಣಪ್ಪ ತಲೆಗೆ ಎಣ್ಣೆ ಹಚ್ಚಿ ಬಾಚಿ, ತಿಳಿನೀಲಿ ಶರ್ಟು ತೊಟ್ಟು, ಮದುವೆಗೆ ಬಂದವನ ಹಾಗಿದ್ದ. "ಪ್ರೊಪೆಲ್ಲರು ತಿರುಗಿಸಿ ಸ್ಟಾರ್ಟ್ ಮಾಡೋದು ನಾನಂತೆ ಕಣೋ. ಸಾಯೇಬ್ರು ತಂತಿ ಇಡ್ಕಂಡು ಮದ್ಯದಾಗೆ ನಿಲ್ತಾರಂತೆ. ನೀನು ಕೆತ್ತಿದ್ದು, ನೀನೇ ತಿರುಗ್ಸು ಅಂದ್ರು." ಅವನ ಮುಖದಲ್ಲಿ ಬೆಳಗ್ಗೆಯಿಂದ ಇಳಿಯದ ಸಂತೋಷವಿತ್ತು. ಕುನ್ನಿಯನ್ನು ಸವರಿದ ಹಾಗೆ ಅಲಗನ್ನು ಸವರಿದ. ಮೂರು ವಾರ ಕೆತ್ತಿದ್ದ ಅದನ್ನು. ಎರಡು ಅಲಗೂ ತೂಕದಲ್ಲಿ ಸಮ ಬರಲಿ ಎಂದು ದಾರಕ್ಕೆ ತೂಗುಹಾಕಿ ಒಂದು ಕಡೆ ಒಂದು ಉಜ್ಜು, ಇನ್ನೊಂದು ಕಡೆ ಒಂದು ಉಜ್ಜು. ತಂದುಕೊಟ್ಟ ದಿನ "ಮರ ಕಣೋ, ಉಸಿರಾಡ್ತದೆ. ಒಸಿ ಜಾಗ ಬಿಡು" ಎಂದಿದ್ದ. ಗೋಪಾಲಪ್ಪ ಲೇತಿನಿಂದ ತಲೆಯೆತ್ತದೆ, "ಸಡಿಲ ಬಿಡೋದು ಬಡಗಿ ಕೆಲ್ಸ" ಎಂದು ಪಕ್ಕದವರೆಲ್ಲ ನಗುವಂತೆ ಮಾಡಿದ್ದ. ಕೃಷ್ಣಪ್ಪನೂ ನಕ್ಕಿದ್ದ.

ಇವನಿಗೆ ಹೇಳಬಹುದು. ಹೇಳುವುದಕ್ಕೆ ಇವನಿಗಿಂತ ಸುಲಭದ ಮನುಷ್ಯ ಈ ಮೈದಾನದಲ್ಲೇ ಇಲ್ಲ. ಇವನು ಜಿ.ಎಂ. ಅಲ್ಲ, ಸಾಹೇಬರಲ್ಲ, ಹಿಂದುಗಡೆ ಬಾಗಿಲು ತೋರಿಸಿದವನಲ್ಲ. ಕಿವಿಯಲ್ಲಿ ಒಂದು ಮಾತು ಹೇಳಿದರೆ ಸಾಕು, ಇಬ್ಬರೂ ಸೇರಿ ಮೇಜು ಮರೆಮಾಡಿ, ಒಬ್ಬ ನಿಂತು ಒಬ್ಬ ಉಜ್ಜಿ, ಮುಗಿಸಬಹುದು. ಬೇಡದಿದ್ದರೆ ಸ್ಪಿನ್ನರನ್ನೇ ಕಿತ್ತಿಟ್ಟು ಬರೀ ಪ್ರೊಪೆಲ್ಲರಿನಲ್ಲಿ ಹಾರಿಸಬಹುದು. ಟೋಪಿ ಇಲ್ಲದೆಯೂ ವಿಮಾನ ಹಾರುತ್ತದೆ. ಇದೆಲ್ಲ ಗೋಪಾಲಪ್ಪನಿಗೆ ಸ್ಪಷ್ಟವಾಗಿ ಹೊಳೆಯಿತು. ಅದರ ಪಕ್ಕದಲ್ಲೇ ಕೃಷ್ಣಪ್ಪ ಹೇಳಬಹುದಾದ ಮಾತೂ ಹೊಳೆಯಿತು: ನಾನ್ ಹೇಳ್ನಿಲ್ವಾ. ಅಷ್ಟೇ. ಅದಕ್ಕಿಂತ ಹೆಚ್ಚು ಅವನು ಹೇಳುತ್ತಿರಲಿಲ್ಲ, ಬಹುಶಃ ಅದನ್ನೂ ಹೇಳುತ್ತಿರಲಿಲ್ಲ. ಆದರೆ ಬಡಗಿಯ ಮುಂದೆ ನಿಂತು ಅದನ್ನು ಕೇಳಿಸಿಕೊಳ್ಳುವುದನ್ನು ಊಹಿಸಿದೊಡನೆ ಕೊರಳಿಗೆ ದಾರ ಬಿದ್ದಂತಾಯಿತು. ಏನೂ ಆಗಲಾರದು ಎಂದುಕೊಂಡ. ಇಂಗ್ಲಿಷಿನವರು ಹೆದರಿಸುವುದಕ್ಕೇ ಬರೆಯುತ್ತಾರೆ. ಎರಡೂ ಒಟ್ಟಿಗೇ ತಿರುಗುವಾಗ ಯಾವುದು ಯಾವುದನ್ನು ಕಚ್ಚಬೇಕು? ಮಗಳಿಗೆ ಎಪ್ಪತ್ತು ಬಂದಿದ್ದರೇನು, ಉಳಿದ ಮೂವತ್ತು ಬಂದಿಲ್ಲವಲ್ಲ. ಅರ್ಥ ಹೇಳಿದ್ದೇ ತಪ್ಪಿರಬಹುದು. "ಉಷಾರಾಗಿ ತಿರುಗ್ಸು" ಎಂದ. "ತಿರುಗ್ಸಿದ್ ತಕ್ಷಣ ಹಿಂದಕ್ಕೆ ಬಂದ್ಬಿಡು." ಕೃಷ್ಣಪ್ಪ ನಕ್ಕು, "ನಂಗೇನು, ಮಗು ಆಡ್ಸೋ ಕೆಲ್ಸ" ಎಂದ.

ಹತ್ತು ಗಂಟೆಗೆ ಮೈಕಿನಲ್ಲಿ ಹೆಸರು ಕೂಗಿದರು, ವೆಂಕಟೇಶಪ್ಪನವರದು. ಜನ ದುಂಡಗೆ ನಿಂತರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡರು. ಮಕ್ಕಳು ಎಷ್ಟು ಹತ್ತಿರವಿದ್ದಾರೆ ಎಂದು ಗೋಪಾಲಪ್ಪ ಅಳೆದ. ಹಿಂದೆ ಸರಿಯಿರಿ, ಹಿಂದೆ ಸರಿಯಿರಿ ಎಂದು ಯಾರೂ ಹೇಳದಿದ್ದರೂ ತಾನೇ ಕೈ ಚಾಚಿ ಜನರನ್ನು ತಳ್ಳಿದ. "ಯಾಕಣ್ಣಾ ಇಂಗ್ ತಳ್ತೀಯ, ನಾವೇನ್ ನಿನ್ ವಿಮಾನ ಕಿತ್ಕೋತೀವಾ?" ಎಂದು ಒಬ್ಬ ರೇಗಿದ. ಸಾಹೇಬರು ಮೈದಾನದ ನಡುವೆ ಎರಡು ತಂತಿಗಳ ಹಿಡಿ ಹಿಡಿದು ನಿಂತರು. ಕೃಷ್ಣಪ್ಪ ವಿಮಾನದ ಮುಂದೆ ಮಂಡಿಯೂರಿ, ಎಡಗೈಯಲ್ಲಿ ಅದರ ಮೈ ಒತ್ತಿ ಹಿಡಿದು, ಬಲಗೈ ಬೆರಳಿನಿಂದ ಅಲಗನ್ನು ಹೊಡೆದ. ಹತ್ತಲಿಲ್ಲ. ಮತ್ತೆ ಹೊಡೆದ. ಗೋಪಾಲಪ್ಪನಿಗೆ ದೇವರೇ ಹತ್ತದಿರಲಿ ಎನ್ನಿಸಿತು. ಆರನೆಯ ಸಲಕ್ಕೆ ಎಂಜಿನ್ನು ಕಿರುಚಿಕೊಂಡು ಹೊತ್ತಿತು, ಅಲಗುಗಳು ಮಾಯವಾಗಿ ಅಲ್ಲಿ ಬರೀ ಹೊಗೆಬಣ್ಣದ ಬಿಲ್ಲೆ ಉಳಿಯಿತು, ಅದರ ನಡುವೆ ಸ್ಪಿನ್ನರು ಅಲುಗಾಡದೆ ನಿಂತಂತೆ ಕಂಡಿತು. ಜನ ಚಪ್ಪಾಳೆ ತಟ್ಟಿದರು. ಗೋಪಾಲಪ್ಪ ಹತ್ತು ಎಣಿಸಿದ. ಇಪ್ಪತ್ತು. ಏನೂ ಆಗಲಿಲ್ಲ. ಎದೆಯ ಬಿಗಿ ಕಳಚಿತು, ಕಣ್ಣಲ್ಲಿ ನೀರು ಬರುವಷ್ಟು. ನೋಡು, ಏನೂ ಆಗಲಿಲ್ಲ, ಒಂದು ರಾತ್ರಿ ಸುಮ್ಮಸುಮ್ಮನೆ ಸತ್ತೆ ಎಂದು ತನ್ನನ್ನೇ ಬೈದುಕೊಂಡು ನಗಲೂ ಹೊರಟ. ಸಾಹೇಬರು ಹೇಳಿಕೊಟ್ಟಂತೆ ಕೃಷ್ಣಪ್ಪ ಎಂಜಿನ್ನಿಗೆ ಎಣ್ಣೆ ಬಿಡುವ ಸೂಜಿ ತಿರುಗಿಸಿ ವೇಗ ಏರಿಸಿದ. ಕಿರುಚು ಇನ್ನೊಂದು ಮಟ್ಟ ಮೇಲೆ ಹೋಯಿತು. ಆಗ ಒಣ ಕಡ್ಡಿ ಮುರಿದ ಹಾಗೆ ಟಕ್ ಎಂದಿತು, ಅಷ್ಟೇ ಸಣ್ಣ ಸದ್ದು. ವಿಮಾನ ಒದ್ದಾಡಿ ಮಗುಚಿಕೊಂಡಿತು. ಕೃಷ್ಣಪ್ಪ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಕೂತಿದ್ದ. ಬೆರಳುಗಳ ಸಂದಿಯಿಂದ ರಕ್ತ ಇಳಿದು ತಿಳಿನೀಲಿ ಶರ್ಟಿನ ಮೇಲೆ ಬಿತ್ತು.

ಕಣ್ಣು ಉಳಿದಿತ್ತು. ಕಣ್ಣಿನ ಕೆಳಗೆ ಒಂದು ಬೆರಳಿನ ಅಂತರದಲ್ಲಿ, ಕೆನ್ನೆಯ ಮೂಳೆಯ ಮೇಲೆ ಎರಡಂಗುಲ ಸೀಳಿತ್ತು. ಜನ ಮುತ್ತಿದರು, ಯಾರೋ ಡೆಟಾಲ್ ಎಂದರು, ಯಾರೋ ಸೋಡ ಎಂದರು. ಜನರಲ್ ಮ್ಯಾನೇಜರು ಶಾಮಿಯಾನದಿಂದ ಬಂದು, ಮುರಿದ ಅಲಗಿನ ಬುಡ ನೋಡಿ, ಸ್ಪಿನ್ನರಿನ ಮೇಲೆ ಬೆರಳಾಡಿಸಿದರು. "ಬಾಂಬೆ ಮಾಲು ನೋಡ್ರಿ, ಒಂದ್ ಗೀರೂ ಬಿದ್ದಿಲ್ಲ. ನಮ್ಮೋರ ಮರದ ಕೆಲ್ಸ ಇಷ್ಟೇ. ಒಳ್ಳೆ ಮರ ನೋಡಿ ತಗೋಬಾರ್ದೇನಯ್ಯ?" ಎಂದು ನೆಲದ ಮೇಲೆ ಕೂತಿದ್ದ ಕೃಷ್ಣಪ್ಪನನ್ನು ಕೇಳಿದರು. ಕೃಷ್ಣಪ್ಪ ಗಾಯ ಒತ್ತಿಕೊಂಡೇ ಎದ್ದು ನಿಂತು, "ತಪ್ಪಾಯ್ತು ಸಾರ್" ಎಂದ. ವೆಂಕಟೇಶಪ್ಪನವರು ಗೋಪಾಲಪ್ಪನ ಕಡೆ ಒಂದೇ ಒಂದು ಸಲ ನೋಡಿದರು. ನೋಟದಲ್ಲಿ ಕೋಪವಿರಲಿಲ್ಲ, ಬೇಡಿಕೆ ಇತ್ತು. ಗೋಪಾಲಪ್ಪನಿಗೆ ಕಾಣುತ್ತಿತ್ತು: ಮುರಿದದ್ದು ಸರಿಯಾಗಿ ಸೀಳಿನ ಅಂಚಿನ ಗೆರೆಯಲ್ಲೇ, ಗರಗಸ ಹಿಡಿದು ಕೊಯ್ದ ಹಾಗೆ. ಹದಿನೈದು ಜನ ಅದನ್ನೇ ನೋಡುತ್ತಿದ್ದರು, ಒಬ್ಬರಿಗೂ ಕಾಣಲಿಲ್ಲ. "ಮುಂದಿನ ಭಾನುವಾರ ಇನ್ನೊಂದ್ ಸಲ ಟ್ರೈ ಮಾಡೋಣ ಸಾರ್. ಸ್ಪಿನ್ನರ್ ಇದೇ ಇರ್ಲಿ, ಪ್ರೊಪೆಲ್ಲರ್ ಇನ್ನೊಂದು ಮಾಡಿಸ್ತೀನಿ" ಎಂದರು ವೆಂಕಟೇಶಪ್ಪನವರು. ಗೋಪಾಲಪ್ಪ ಕೃಷ್ಣಪ್ಪನ ತೋಳು ಹಿಡಿದು ಶಾಮಿಯಾನದ ಹಿಂದಿನ ನಲ್ಲಿಯ ಹತ್ತಿರ ಕರೆದುಕೊಂಡು ಹೋದ.

ಅಲ್ಲಿ ಅಡುಗೆಯವರ ಪಾತ್ರೆಗಳಿದ್ದವು, ಬೇರೆ ಯಾರೂ ಇರಲಿಲ್ಲ. ಕರ್ಚೀಫು ನೀರಿಗೆ ಹಿಡಿದು, ಹಿಂಡಿ, ನಾಲ್ಕು ಮಡಿಕೆ ಮಾಡಿ ಕೆನ್ನೆಗೆ ಒತ್ತಿದ. ಕೃಷ್ಣಪ್ಪ ಅದನ್ನು ತಾನೇ ಹಿಡಿದುಕೊಂಡ. ನೋವಿಗಿಂತ ಬೇರೇನೋ ಅವನನ್ನು ತಿನ್ನುತ್ತಿತ್ತು.

"ಮರದೊಳಗೆ ಗಂಟಿತ್ತು ಕಾಣ್ತದೆ" ಎಂದ. "ಮೂರು ವಾರ ಕೈಯಾಗಿಟ್ಕಂಡಿದ್ದೆ. ಬೆಳಕಿಗಿಡಿದು ನೋಡಿದ್ದೆ. ಎಂಗೆ ಕಾಣ್ನಿಲ್ಲ ಅಂತ."

"ಮಾತಾಡ್ಬೇಡ, ರಕ್ತ ಬರ್ತದೆ."

"ನಿನ್ ಕೆಲ್ಸಾನೂ ಕೆಡಿಸ್ಬಿಟ್ಟೆ ಕಣೋ. ಅಂಗೆ ಒಳೀತಿತ್ತು ಅದು. ಎಲ್ಲಾರ ಮುಂದೆ ಆರ್ಬೇಕಾಗಿತ್ತು."

ನಲ್ಲಿ ನಿಲ್ಲಿಸಲು ಮರೆತಿತ್ತು, ನೀರು ಹರಿಯುತ್ತಿತ್ತು. ಗೋಪಾಲಪ್ಪ ಅದನ್ನು ನಿಲ್ಲಿಸಿದ. "ಮರದ್ದಲ್ಲ" ಎಂದ. "ಗಂಟೂ ಇಲ್ಲ, ಏನೂ ಇಲ್ಲ. ಸ್ಪಿನ್ನರು ಅಲಗಿಗೆ ತಾಗ್ತಿತ್ತು. ಎರಡೂಕಾಲು ಮಾಡ್ಬೇಕಾಗಿತ್ತು, ಎರಡು ಮಾಡ್ದೆ. ಜಾಗ ಬಿಡ್ಬೇಕಾಗಿತ್ತು, ಬಿಡ್ಲಿಲ್ಲ. ಅದು ಕಚ್ಚಿ ಮುರೀತು."

ಕೃಷ್ಣಪ್ಪ ಸ್ವಲ್ಪ ಹೊತ್ತು ಅದನ್ನು ತಲೆಯೊಳಗೆ ತಿರುಗಿಸಿ ನೋಡಿದ. ಅವನ ಮುಖ ನಿಧಾನವಾಗಿ ತಿಳಿಯಾಯಿತು, ನಗು ಕೂಡ ಬಂತು, ಗಾಯ ಎಳೆದದ್ದರಿಂದ ಅರ್ಧಕ್ಕೇ ನಿಂತಿತು.

"ಅಂಗಾದ್ರೆ ಮರ ಸರ್ಯಾಗೇ ಇತ್ತಾ?"

"ಸರ್ಯಾಗೇ ಇತ್ತು."

"ನಾನೂ ಅದೇ ಅಂದ್ಕಂಡೆ, ಅಂತಾ ಮರ ಎಂಗ್ ಮುರೀತು ಅಂತ. ಓಗ್ಲಿ ಬಿಡು. ಕೆಲ್ಸ ಮಾಡೋನು ತಪ್ಪು ಮಾಡ್ದೆ ಇರ್ತಾನಾ? ಈಗ ಮುರಿದಿದ್ ನೋಡಿ ಗೊತ್ತಾಯ್ತಾ ನಿಂಗೆ?"

ಹೌದು ಎಂದರೆ ಮುಗಿಯುತ್ತಿತ್ತು. ಕೃಷ್ಣಪ್ಪ ಕೇಳಿದ ರೀತಿಯೇ ಹಾಗಿತ್ತು, ಉತ್ತರವನ್ನು ತಾನೇ ಕೈಗಿಟ್ಟು ಕೇಳಿದ್ದ. ಹೌದು ಎಂದರೆ ಇಬ್ಬರೂ ಇನ್ನೂ ಇಪ್ಪತ್ತು ವರ್ಷ ಒಂದೇ ಬೆಂಚಿನಲ್ಲಿ ಊಟದ ಡಬ್ಬಿ ಬಿಚ್ಚಬಹುದಿತ್ತು, ಈ ದಿನವನ್ನು ನೆನೆದು ನಗಬಹುದಿತ್ತು. ಗೋಪಾಲಪ್ಪ ಒದ್ದೆ ನೆಲ ನೋಡಿದ.

"ನಿನ್ನೆ ಗೊತ್ತಾಯ್ತು" ಎಂದ. "ಸಾಯಂಕಾಲ. ಮಗಳು ಓದಿ ಹೇಳಿದ್ಲು."

ಮೈದಾನದಲ್ಲಿ ನಿಂಬೆಹಣ್ಣು ಚಮಚದ ಓಟಕ್ಕೆ ಹೆಸರು ಕೂಗುತ್ತಿದ್ದರು.

"ಬೆಳಿಗ್ಗೆಯಿಂದ ನಿನ್ ಪಕ್ಕದಾಗೇ ನಿಂತಿದ್ನಲ್ಲೋ" ಎಂದ ಕೃಷ್ಣಪ್ಪ.

ಕೆನ್ನೆಯಿಂದ ಕರ್ಚೀಫು ತೆಗೆದು, ನಲ್ಲಿ ತಿರುಗಿಸಿ, ಅದನ್ನು ತೊಳೆದ. ಬಿಳುಪಾಗುವ ತನಕ ಉಜ್ಜಿ ತೊಳೆದು, ಹಿಂಡಿ, ಮಡಿಸಿ ಗೋಪಾಲಪ್ಪನ ಕೈಗಿಟ್ಟ. ಗಾಯ ಮತ್ತೆ ಜಿನುಗತೊಡಗಿತ್ತು. ಅದರ ಮೇಲೆ ತನ್ನ ಅಂಗೈ ಒತ್ತಿಕೊಂಡು ಅವನು ಬಸ್‌ಸ್ಟಾಪಿನ ಕಡೆ ಒಬ್ಬನೇ ಹೊರಟ.